ಎರಡನೆಯ ಗುಂಡು

ನಮ್ಮ ತಲೆಯ ಮೇಲೆ ಚೋಂದಮ್ಮನವರು ನಡೆಯುತ್ತಿದ್ದರು. ಇದು ಅಲಂಕಾರದ ಮಾತಲ್ಲ. ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮದು ನೆಲಮಹಡಿ, ಅವರದು ನಮ್ಮ ಮೇಲಿನ ಮನೆ. ಬೆಳಿಗ್ಗೆ ನಾನು ಕಾಫಿಗೆ ನೀರಿಡುವ ಹೊತ್ತಿಗೆ ಬಾಲ್ಕನಿಯಿಂದ ಫೋನಿನವರೆಗೆ, ಫೋನಿನಿಂದ ಬಾಲ್ಕನಿಯವರೆಗೆ ಅವರ ಹವಾಯಿ ಚಪ್ಪಲಿಯ ಸದ್ದು ಶುರುವಾಗುತ್ತಿತ್ತು. ನನ್ನ ಗಂಡ ಮುರಳೀಧರ ಪೇಪರಿನಿಂದ ತಲೆ ಎತ್ತದೆ, "ಗಸ್ತು ಶುರುವಾಯ್ತು" ಎನ್ನುತ್ತಿದ್ದರು. ಮೊದಮೊದಲು ನನಗೆ ನಗು ಬರುತ್ತಿತ್ತು, ಆಮೇಲೆ ಸಿಟ್ಟು ಬರತೊಡಗಿತು, ಕೊನೆಕೊನೆಗೆ ಸದ್ದು ಕೇಳದಿದ್ದರೆ ನನಗೇ ಕಸಿವಿಸಿಯಾಗುತ್ತಿತ್ತು.

ಅದು ೨೦೦೨ನೇ ಇಸವಿ. ಹಿಂದಿನ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಸೈನ್ಯವೆಲ್ಲ ಪಶ್ಚಿಮದ ಗಡಿಗೆ ಹೋಗಿ ನಿಂತಿತ್ತು. ಯುದ್ಧ ಇವತ್ತು ಶುರುವಾಗುತ್ತದೆ, ನಾಳೆ ಶುರುವಾಗುತ್ತದೆ ಎಂದು ಟಿವಿಯವರು ದಿನಾ ಹೇಳುತ್ತಿದ್ದರು. ಅದು ಶುರುವೂ ಆಗುತ್ತಿರಲಿಲ್ಲ, ಇಲ್ಲವೆಂದೂ ಆಗುತ್ತಿರಲಿಲ್ಲ. ಚೋಂದಮ್ಮನವರ ಮಗ ಕರಣ್ ಕ್ಯಾಪ್ಟನ್. ರಾಜಸ್ಥಾನದ ಮರಳಿನಲ್ಲಿ ಎಲ್ಲೋ ಇದ್ದ. ಎಲ್ಲಿ ಎಂದು ಅವನು ಹೇಳುವಂತಿರಲಿಲ್ಲ, ಇವರು ಕೇಳುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ ಏಳರಿಂದ ಎಂಟರೊಳಗೆ ಅವನ ಫೋನ್ ಬರುತ್ತಿತ್ತು. ಎರಡು ನಿಮಿಷ ಮಾತಾಡುವಷ್ಟರಲ್ಲಿ ಲೈನು ಕಡಿದುಹೋಗುವುದೂ ಇತ್ತು. ಆ ಒಂದು ಗಂಟೆ ಚೋಂದಮ್ಮ ಸ್ನಾನಕ್ಕೂ ಹೋಗುತ್ತಿರಲಿಲ್ಲ. ಗಡಿಯಲ್ಲಿ ಹೂಳುತ್ತಿರುವ ಮೈನುಗಳು ಸಿಡಿದು ನಮ್ಮವರೇ ಸಾಯುತ್ತಿದ್ದಾರೆ ಎಂದು ಆಫೀಸಿನಲ್ಲಿ ಯಾರೋ ಪುಣ್ಯಾತ್ಮರು ಹೇಳಿದ ಮೇಲೆ ಅವರ ನಡಿಗೆಯೇ ಬದಲಾಯಿತು. ಹೆಜ್ಜೆಯನ್ನು ಮೆಲ್ಲಗೆ ಊರಿ, ಒಂದು ಕ್ಷಣ ತಡೆದು, ಮುಂದಿನ ಹೆಜ್ಜೆ ಇಡುವರು. ಕೆಳಗೆ ಕೂತು ಅದನ್ನು ಕೇಳಿಸಿಕೊಳ್ಳುವುದು ನನಗಂತೂ ಹಿಂಸೆಯಾಗುತ್ತಿತ್ತು.

ಅವರು ಕೊಡಗಿನವರು. ಇಪ್ಪತ್ತಕ್ಕೆ ಸೈನಿಕನ ಕೈಹಿಡಿದು ಅಂಬಾಲಾ, ಜಬಲ್ಪುರ, ಪಠಾಣ್‌ಕೋಟ್ ಎಂದು ಟ್ರಂಕುಗಳ ಜೊತೆ ಊರೂರು ಸುತ್ತಿದರು. ಗಂಡ ಊರಲ್ಲಿಲ್ಲದ ವರ್ಷಗಳಲ್ಲಿ ಮಕ್ಕಳನ್ನು ಸಾಕುತ್ತಲೇ ಪರೀಕ್ಷೆ ಕಟ್ಟಿ ಕೇಂದ್ರ ಸರ್ಕಾರದಲ್ಲಿ ಗುಮಾಸ್ತೆಯಾದರು. ಆ ಕ್ವಾರ್ಟರ್ಸು ಅವರ ಹೆಸರಿನಲ್ಲಿ ಬಂದದ್ದು, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಗಂಡ ಕಾರ್ಯಪ್ಪನವರು ಸುಬೇದಾರ್ ಮೇಜರ್ ಆಗಿ ನಿವೃತ್ತರಾಗಿ ಓಖ್ಲಾದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಸೆಕ್ಯುರಿಟಿ ಆಫೀಸರ್ ಆಗಿದ್ದರು. ಗುಮ್ಮನಗುಸುಕ ಮನುಷ್ಯ. ಮೆಟ್ಟಿಲಲ್ಲಿ ಸಿಕ್ಕಿದರೆ ನಮಸ್ಕಾರದ ಬದಲು ಗಲ್ಲ ಒಂದಿಂಚು ಕೆಳಗೆ ಹೋಗಿ ಮೇಲೆ ಬರುವುದು, ಅಷ್ಟೆ. ಮಗನ ಫೋನ್ ಬಂದರೆ "ಹ್ಞೂಂ, ಅಚ್ಛಾ, ಅಮ್ಮನಿಗೆ ಕೊಡ್ತೀನಿ" ಎಂದು ದಾಟಿಸಿಬಿಡುವರು. ಈ ಮನುಷ್ಯನಿಗೆ ಕರುಳೆಂಬುದು ಇದೆಯೋ ಇಲ್ಲವೋ ಎಂದು ನಾನು ಮುರಳೀಧರನ ಹತ್ತಿರ ಎಷ್ಟೋ ಸಲ ಕೇಳಿದ್ದೇನೆ.

ಫೆಬ್ರವರಿಯಲ್ಲಿ ಚೋಂದಮ್ಮ ಒಂದು ದಿನ ಬಂದು, "ಲೀಲಾ, ನಾಳೆಯಿಂದ ನಾನು ತತ್ವಜ್ಞಾನ ಕಲೀತೀನಿ" ಎಂದರು. ಹೊಲಿಗೆ ಕಲಿಯುತ್ತೇನೆ ಎನ್ನುವ ಹಾಗೆಯೇ ಹೇಳಿದರು. ಜನಕಪುರಿಯಲ್ಲಿ ಇಂದುಶೇಖರ ಎಂಬ ಮೇಷ್ಟ್ರಿದ್ದರು. ಧಾರವಾಡದ ಕಡೆ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿ ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ಶನಿವಾರ ಮಧ್ಯಾಹ್ನ ಮಗಳ ಡ್ರಾಯಿಂಗ್ ರೂಮಿನಲ್ಲಿ ಏಳೆಂಟು ಕನ್ನಡದವರನ್ನು ಕೂಡಿಸಿಕೊಂಡು ಮಾತಾಡುತ್ತಿದ್ದರು. ಕಾಸಿಲ್ಲದ ಪಾಠ, ಮೇಲೆ ಚಹಾ. ನೂಕುನುಗ್ಗಲಿನ ಬ್ಲೂಲೈನ್ ಬಸ್ಸಿನಲ್ಲಿ ಒಬ್ಬಳೇ ಹೋಗಲಾರೆ ಎಂದು ನನ್ನನ್ನೂ ಎಳೆದುಕೊಂಡು ಹೋದರು. ನನಗೆ ತತ್ವಜ್ಞಾನವೆಂದರೆ ಹೊಟ್ಟೆ ತುಂಬಿದವರ ಕೆಲಸ ಎಂಬ ಅಭಿಪ್ರಾಯ. ಆದರೆ ಮೇಷ್ಟ್ರ ಮಗಳು ಇಂದಿರಾ ಮಾಡುತ್ತಿದ್ದ ಅವಲಕ್ಕಿ ಚೆನ್ನಾಗಿರುತ್ತಿತ್ತು, ಕೂಲರೂ ಇತ್ತು. ನಾನು ಕೂಲರಿನ ಮುಂದೆ ಕೂತು ತೂಕಡಿಸುತ್ತಿದ್ದೆ.

ಉಳಿದವರು ಪಾಠ ಕೇಳಿ ಮನೆಗೆ ಹೋದರೆ, ಚೋಂದಮ್ಮ ಅದನ್ನು ಬಸ್ ಸ್ಟಾಪಿನಲ್ಲೇ ಪ್ರಯೋಗಕ್ಕೆ ಹಚ್ಚುತ್ತಿದ್ದರು. ನಮ್ಮ ಕೈಯಲ್ಲಿರುವುದಕ್ಕೆ ಮಾತ್ರ ಮನಸ್ಸು ಕೊಡಬೇಕು, ಕೈಯಲ್ಲಿಲ್ಲದ್ದಕ್ಕೆ ಕೊಡಬಾರದು ಎಂದು ಮೇಷ್ಟ್ರು ಹೇಳಿದ ವಾರ ಮನೆಗೆ ಬಂದವರೇ ಟಿವಿಯ ಮೇಲೆ ಬೆಡ್‌ಶೀಟು ಹೊದಿಸಿ ಪಿನ್ನು ಚುಚ್ಚಿದರು. ಯುದ್ಧ ನನ್ನ ಕೈಯಲ್ಲಿಲ್ಲ, ಸುದ್ದಿ ನೋಡುವುದಿಲ್ಲ ಎಂದರು. ಎಂಟೂವರೆಗೆ ನಮ್ಮ ಬಾಗಿಲು ತಟ್ಟಿ, "ಸಕ್ಕರೆ ಇದ್ಯಾ ಲೀಲಾ?" ಎನ್ನುತ್ತ ಬಂದು, ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಟಿವಿಯಲ್ಲಿ ಪೂರ್ತಿ ಸಮಾಚಾರ ನೋಡಿದರು. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಎಂದು ನಾನು ಅವರೆದುರೇ ಹೇಳಿದೆ. ಅವರು ನಗಲಿಲ್ಲ. "ಕಲೀತಿದ್ದೀನಿ ಮಾರಾಯ್ತಿ, ಒಂದೇ ದಿನಕ್ಕೆ ಬರುತ್ತಾ?" ಎಂದರು.

ಇನ್ನೊಂದು ವಾರದ ಪಾಠ ನನಗೆ ನಿಜಕ್ಕೂ ಕೋಪ ತರಿಸಿತು. ಕಳೆದುಕೊಳ್ಳಬಹುದಾದ್ದನ್ನು ಮೊದಲೇ ಮನಸ್ಸಿನಲ್ಲಿ ಕಳೆದುಕೊಂಡು ನೋಡಿದರೆ ಭಯ ಕಡಿಮೆಯಾಗುತ್ತದೆ ಎಂದು ಹಿಂದಿನವರು ಅಭ್ಯಾಸ ಮಾಡುತ್ತಿದ್ದರಂತೆ. ಹಿಂತಿರುಗುವ ಬಸ್ಸಿನಲ್ಲಿ ಚೋಂದಮ್ಮ ಕಣ್ಣು ಮುಚ್ಚಿ ಅಭ್ಯಾಸ ಶುರುಮಾಡಿದರು. ಧೌಲಾಕುವಾ ಬರುವಷ್ಟರಲ್ಲಿ ಕಣ್ಣೀರು ಗಲ್ಲದಿಂದ ಇಳಿಯುತ್ತಿತ್ತು. ಕಂಡಕ್ಟರು ಗಾಬರಿಯಾಗಿ, "ಮಾತಾಜಿ ಕೋ ಸೀಟ್ ದೋ" ಎಂದು ಯಾರನ್ನೋ ಎಬ್ಬಿಸಿದ. ಮರುದಿನ ಅವರ ಮನೆಗೆ ಹೋದರೆ ಹಾಸಿಗೆಯ ಮೇಲೆ ಇಸ್ತ್ರಿ ಮಾಡಿದ ಬಿಳಿ ಸೀರೆಯಿತ್ತು. ಕೊಡವರಲ್ಲಿ ಸಾವಿನ ಮನೆಗೆ ಉಡುವುದು ಬಿಳಿ.

"ಯಾಕಕ್ಕ ಇದನ್ನ ತೆಗೆದಿದ್ದೀರಿ?"

"ಅಭ್ಯಾಸಕ್ಕೆ."

"ಹುಚ್ಚು ಹಿಡಿದಿದ್ಯಾ ನಿಮಗೆ? ಒಳಗಿಡಿ!" ಎಂದು ನಾನು ಕಿರುಚಿಯೇಬಿಟ್ಟೆ. ಅವರ ಮಗಳು ತಾನ್ಯಾ ಒಳಗಿನಿಂದ, "ಆಂಟಿ, ಪ್ಲೀಸ್ ಆಪ್ ಹೀ ಸಮಝಾವೋ, ಮಮ್ಮಿಗೆ ನೀವೇ ಹೇಳಿ. ನಂಗೆ ಇಲ್ಲಿ ಓದೋಕೆ ಆಗ್ತಿಲ್ಲ ಯಾರ್" ಎಂದಳು. ಅವಳಿಗೆ ಕಾಲೇಜಿನ ಪರೀಕ್ಷೆ ಹತ್ತಿರ ಬಂದಿತ್ತು. ಚೋಂದಮ್ಮ ಸೀರೆಯನ್ನು ಟ್ರಂಕಿನ ತಳಕ್ಕೆ ಹಾಕಿದರು. ಆದರೆ ಅದು ಇಸ್ತ್ರಿಯಾಗಿ ತಯಾರಾಗಿದೆ ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು.

ಆ ದಿನವೇ ಅವರು ಗುಂಡಿನ ಕತೆ ಹೇಳಿದ್ದು. ಕೊಡಗಿನಲ್ಲಿ ಮನೆಮನೆಗೂ ಕೋವಿ. ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಗಾಳಿಗೆ ಒಂದು ಗುಂಡು ಹೊಡೆಯುತ್ತಾರೆ. ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು, ಎರಡು. ಬೆಟ್ಟದ ಆಚೆಗೂ ಕೇಳುತ್ತದೆ. ಸಾವಿಗೆ ಯಾರೂ ಯಾರನ್ನೂ ಕರೆಯುವುದಿಲ್ಲ, ಗುಂಡೇ ಕರೆ. "ನಮ್ಮಪ್ಪ ಉಣ್ತಾ ಕೂತಿರ್ತಿದ್ರು. ಒಂದು ಗುಂಡು ಕೇಳಿಸ್ತಿತ್ತು. ಎಲ್ಲರೂ ತುತ್ತು ಬಾಯಲ್ಲಿಟ್ಟುಕೊಂಡು ಹಾಗೇ ಕಾಯ್ತಿದ್ವಿ. ಎರಡನೇದು ಬಂದಿಲ್ಲಾಂದ್ರೆ ನಗು. ಬಂತು ಅಂದ್ರೆ ಅಪ್ಪ ಕೈ ತೊಳೆದು ಎದ್ದು ಹೊರಟುಬಿಡ್ತಿದ್ರು, ಯಾರ ಮನೆ ಅಂತ ದಾರೀಲಿ ಕೇಳ್ಕೊಂಡು. ಲೀಲಾ, ನಂಗೆ ಇವತ್ತಿಗೂ ಆ ಎರಡರ ಮಧ್ಯದ ಹೊತ್ತು ತಡ್ಕೊಳ್ಳೋಕಾಗಲ್ಲ. ಈಗ ಮೂರು ನಾಲ್ಕು ತಿಂಗಳಿಂದ ಅದರಲ್ಲೇ ಇದ್ದೀನಿ."

ಚಹಾ ಮಾಡಿಕೊಟ್ಟೆ.

ಮೇ ತಿಂಗಳು ಬಂತು. ಬಿಸಿಗಾಳಿ, ಕರೆಂಟಿಲ್ಲ, ನಲ್ಲಿಯಲ್ಲಿ ಕುದಿಯುವ ನೀರು. ಜಮ್ಮುವಿನ ಕಡೆ ಸೈನಿಕರ ಕುಟುಂಬಗಳ ಮೇಲೆ ದಾಳಿಯಾಗಿ ಎಲ್ಲರ ಬಾಯಲ್ಲೂ ಈ ಸಲ ಯುದ್ಧ ಖಂಡಿತ ಎಂಬ ಮಾತು. ಆ ಶನಿವಾರ ಮೇಷ್ಟ್ರು ಹಗ್ಗ ಮತ್ತು ಹಾವಿನ ವಿಷಯ ತೆಗೆದರು. ಮಬ್ಬಿನಲ್ಲಿ ಬಿದ್ದಿರುವುದು ಹಗ್ಗ, ಹಾವೆಂದು ಬೆದರುವವರು ನಾವು. ಹೆದರಿಕೆ ಹಗ್ಗದಲ್ಲಿಲ್ಲ, ನಾವು ಅದರ ಮೇಲೆ ಹೊದಿಸಿದ್ದರಲ್ಲಿದೆ. ಈ ಉದಾಹರಣೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಹಾಗಾಗಿ ಕಣ್ಣು ಮುಚ್ಚಿದೆ. ಚೋಂದಮ್ಮ ಮಾತ್ರ ಎದ್ದು ನಿಂತರು. ಹಿಂದಿನ ಭಾನುವಾರ ಕರಣ್‌ನ ಫೋನ್ ಬಂದಿರಲಿಲ್ಲ.

"ಮೇಷ್ಟ್ರೇ, ನಿಜವಾಗ್ಲೂ ಹಾವೇ ಆಗಿದ್ರೆ?"

ಇಂದಿರಾ ಅವಲಕ್ಕಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ಇಂದುಶೇಖರ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಇರಬಹುದ್ರೀ ತಾಯಿ. ಇರೂದಿಲ್ಲ ಅಂತ ನಾ ಹೆಂಗ ಹೇಳ್ಲಿ? ಆದ್ರ ಹಗ್ಗ ಇದ್ರೂ ದೀಪ ತಗೊಂಡು ಹೋಗೇ ನೋಡ್ಬೇಕು, ಹಾವಿದ್ರೂ ದೀಪ ತಗೊಂಡು ಹೋಗೇ ನೋಡ್ಬೇಕು. ಕತ್ತಲದಾಗ ನಿಂತು ನಡುಗಿದ್ರ ಎರಡೂ ಗೊತ್ತಾಗೂದಿಲ್ಲ" ಎಂದರು. ಚೋಂದಮ್ಮ ಕೂತರು. ಅವರಿಗೆ ಸಮಾಧಾನವಾದಂತೆ ನನಗೆ ಕಾಣಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

ಮರುದಿನ ಭಾನುವಾರ. ಬೆಳಗಾಗುತ್ತಿದ್ದಂತೆ ನಾನು ಹಾಲಿನ ಬೂತಿಗೆ ಹೋಗಿದ್ದೆ. ಕ್ಯಾನಿಗೆ ಹಾಲು ತುಂಬಿಸಿಕೊಂಡು ಹಿಂತಿರುಗುವಾಗ ಮುನಿರ್ಕಾ ಹಳ್ಳಿಯ ಕಡೆಯಿಂದ ಢಂ ಎಂದಿತು. ನಾನು ಮುಂದಿನ ಹೆಜ್ಜೆ ಇಡುವಷ್ಟರಲ್ಲಿ ಇನ್ನೊಂದು ಢಂ. ಮದುವೆ ಸೀಸನ್ನು, ಯಾರದೋ ಬಾರಾತು, ಪಟಾಕಿ ಎಂದುಕೊಂಡೆ. ನಮ್ಮ ಕಟ್ಟಡದ ಮೆಟ್ಟಿಲ ಹತ್ತಿರ ಬರುವವರೆಗೂ ನನಗೆ ಬೇರೇನೂ ಹೊಳೆಯಲಿಲ್ಲ.

ಮೆಟ್ಟಿಲಿನಿಂದ ಚೋಂದಮ್ಮ ಇಳಿದು ಬರುತ್ತಿದ್ದರು. ಬಿಳಿ ಸೀರೆ ಉಟ್ಟಿದ್ದರು. ಕಾಲಿಗೆ ಚಪ್ಪಲಿ ಇರಲಿಲ್ಲ. ಕ್ಯಾನು ಕೈಯಿಂದ ಜಾರಿ ಅರ್ಧ ಹಾಲು ಚೆಲ್ಲಿತು. ಫೋನ್ ಬಂತೆಂದೇ ನಾನು ತಿಳಿದೆ. "ಅಕ್ಕ, ಯಾರು ಫೋನ್ ಮಾಡಿದ್ರು?"

"ಯಾರೂ ಇಲ್ಲ. ಎರಡು ಗುಂಡಾಯ್ತು, ಕೇಳಿಸ್ಲಿಲ್ವಾ?"

ನಾನು ನಾಲ್ಕು ಮೆಟ್ಟಿಲು ಹತ್ತಿದೆ. ಅವರ ಹಿಂದೆ ತೆರೆದ ಬಾಗಿಲಿನಿಂದ ಮೇಲಿನ ಕೋಣೆ ಕಾಣುತ್ತಿತ್ತು. ಕಾರ್ಯಪ್ಪನವರು ಬನಿಯನ್ನಿನಲ್ಲಿ ಮಂಚದ ಅಂಚಿಗೆ ಕೂತಿದ್ದರು. ಒಂದು ಕಾಲಿಗೆ ಬೂಟು ಹಾಕಿ, ಅದರ ಲೇಸು ಕಟ್ಟಲು ನೋಡುತ್ತಿದ್ದರು. ಗಂಟು ಬೀಳುತ್ತಿರಲಿಲ್ಲ. ಸುಬೇದಾರ್ ಮೇಜರ್. ಜೀವಮಾನದಲ್ಲಿ ಸಾವಿರಾರು ಗುಂಡು ಕೇಳಿದ ಮನುಷ್ಯ. ಮುಖ ಬೂದಿಯಾಗಿತ್ತು. "ಎರಡು" ಎಂದರು, ನನ್ನನ್ನೇ ನೋಡುತ್ತ. "ಎರಡೇ."

ರಾಜಸ್ಥಾನದ ಗಡಿಯಲ್ಲಿ ಏನಾದರೂ ಆದರೆ ಮುನಿರ್ಕಾದಲ್ಲಿ ಗುಂಡು ಹೊಡೆಯುವವರು ಯಾರು ಎಂದು ಕೇಳಬಹುದಿತ್ತು. ನಾನು ಕೇಳಲೂ ಬಾಯಿ ತೆರೆದೆ. ಆದರೆ ಅವರಿಬ್ಬರ ಮುಖ ನೋಡಿದ ಮೇಲೆ ಆ ಲೆಕ್ಕ ನಡೆಯುವುದಿಲ್ಲವೆಂದು ಗೊತ್ತಾಯಿತು. ಚೋಂದಮ್ಮ ನನ್ನ ತೋಳು ಹಿಡಿದರು.

"ನಂಗೂ ಗೊತ್ತು ಲೀಲಾ, ಅದು ಬರೀ ಸದ್ದು. ಆದ್ರೆ ಇಲ್ಲೇ ನಿಂತಿದ್ರೆ ನಾನು ಸತ್ತೇಹೋಗ್ತೀನಿ. ಬಾ, ಯಾರ ಮನೆ ಅಂತ ನೋಡ್ಕೊಂಡು ಬರೋಣ."

"ಏಳು ಗಂಟೆಗೆ ಫೋನ್?"

ಅವರು ಒಂದು ಕ್ಷಣ ಮೇಲೆ ನೋಡಿದರು. ಐದು ತಿಂಗಳಲ್ಲಿ ಭಾನುವಾರದ ಆ ಹೊತ್ತು ಅವರು ಮನೆ ಬಿಟ್ಟದ್ದಿಲ್ಲ. "ಇವರಿದ್ದಾರಲ್ಲ" ಎಂದರು. ನಾನು ನನ್ನ ಚಪ್ಪಲಿ ಅವರಿಗೆ ಕೊಟ್ಟು, ಬಾಗಿಲ ಬಳಿಯಿದ್ದ ಮುರಳೀಧರನ ಚಪ್ಪಲಿ ಮೆಟ್ಟಿಕೊಂಡೆ.

ರಸ್ತೆ ದಾಟಿದರೆ ಮುನಿರ್ಕಾ. ದೊಡ್ಡ ರಸ್ತೆಯಿಂದ ಒಳಗೆ ಹೋದರೆ ಗಲ್ಲಿಗಳು, ಮೇಲೆ ಗೋಜಲು ಗೋಜಲಾದ ಕರೆಂಟಿನ ತಂತಿ, ಕೆಳಗೆ ಎಮ್ಮೆಯ ಸಗಣಿ. ಚೋಂದಮ್ಮ ಯಾರನ್ನು ಕಂಡರೂ, "ಭಯ್ಯಾ, ಗೋಲಿ ಕಹಾಂ ಚಲೀ?" ಎಂದು ಕೇಳುತ್ತಿದ್ದರು. ಬೆಳ್ಳಂಬೆಳಿಗ್ಗೆ ಬಿಳಿ ಸೀರೆಯ ಹೆಂಗಸು ಗುಂಡು ಎಲ್ಲಿ ಹಾರಿತೆಂದು ಕೇಳಿದರೆ ಯಾರು ಉತ್ತರ ಕೊಡುತ್ತಾರೆ? ಇಬ್ಬರು ಮುಖ ತಿರುಗಿಸಿ ಹೋದರು. ಮೂರನೆಯವನು ಹಲ್ಲುಜ್ಜುತ್ತ ಬ್ರಶ್ಶಿನಿಂದಲೇ ದಾರಿ ತೋರಿಸಿದ. ನಾನು ಹಿಂದೆ ಹಿಂದೆ ಏದುಸಿರು ಬಿಡುತ್ತ, ಮನಸ್ಸಿನಲ್ಲಿ ಇಂದುಶೇಖರ ಮೇಷ್ಟ್ರನ್ನೂ ಅವರ ಹಗ್ಗವನ್ನೂ ಬೈಯುತ್ತ ಹೋಗುತ್ತಿದ್ದೆ.

ಗಲ್ಲಿಯ ಕೊನೆಯಲ್ಲಿ ತಟ್ಟೆ ಬಡಿಯುವ ಸದ್ದು ಕೇಳಿಸಿತು. ನೀಲಿ ಬಣ್ಣದ ಕಬ್ಬಿಣದ ಗೇಟು, ಒಳಗೆ ಅಂಗಳದ ತುಂಬ ಹೆಂಗಸರು, ಕಂಚಿನ ತಟ್ಟೆಗೆ ಸೌಟಿನಿಂದ ಬಡಿಯುತ್ತ ಹಾಡುತ್ತಿದ್ದರು. ಹಗ್ಗದ ಮಂಚದ ಮೇಲೆ ದೊಡ್ಡ ಪೇಟದ ಮುದುಕ, ಆ ಮನೆಯ ಚೌಧರಿ, ತೊಡೆಯ ಮೇಲೆ ಕೋವಿ. ಚೋಂದಮ್ಮನ ಬಿಳಿ ಸೀರೆ ಕಂಡದ್ದೇ ಹಾಡು ನಿಂತಿತು. ಶುಭದ ಮನೆಗೆ ಬಿಳಿ ಉಟ್ಟವಳು ಬಂದಳೆಂದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು, ಬೈಗುಳಕ್ಕೆ ಸಿದ್ಧಳಾಗಿ ನಿಂತೆ.

"ಇಲ್ಲಿ ಯಾರು ತೀರ್ಕೊಂಡ್ರು?" ಎಂದು ಚೋಂದಮ್ಮ ಹಿಂದಿಯಲ್ಲಿ ನೇರವಾಗಿ ಕೇಳಿಬಿಟ್ಟರು.

ಮುದುಕ ಬಾಯಿ ಬಿಟ್ಟು ನೋಡಿದ. "ತೀರ್ಕೊಳ್ಳೋದಾ? ಪೋತಾ ಹುವಾ ಹೈ! ಮೊಮ್ಮಗ ಹುಟ್ಟಿದಾನೆ!"

"ಮತ್ತೆ ಎರಡು ಯಾಕೆ ಹೊಡೆದ್ರಿ?" ಚೋಂದಮ್ಮನ ಧ್ವನಿ ಅಲ್ಲಿಯವರೆಗೆ ಗಟ್ಟಿಯಾಗಿತ್ತು, ಅಲ್ಲಿ ಒಡೆಯಿತು. "ಎರಡು ಯಾಕೆ?"

ಚೌಧರಿ ಕೋವಿಯನ್ನು ಎತ್ತಿ ಅದರ ಜೋಡಿ ನಳಿಗೆ ತೋರಿಸಿದ. "ದೋನಾಲಿ ಹೈ ಬೆಹನ್‌ಜೀ. ಏಕ್ ಖಾಲಿ ಕಾಹೇ ಛೋಡೂಂ?"

ಎರಡು ನಳಿಗೆಯ ಕೋವಿ, ಒಂದನ್ನು ಯಾಕೆ ಖಾಲಿ ಬಿಡಲಿ. ಅಷ್ಟೇ ಕಾರಣ. ಚೋಂದಮ್ಮ ಅಲ್ಲೇ ಅಂಗಳದಲ್ಲಿ ಕುಕ್ಕರಿಸಿ ಕೂತು, ಮೊದಲು ನಕ್ಕರು, ಆಮೇಲೆ ಅತ್ತರು, ಆಮೇಲೆ ಎರಡನ್ನೂ ಒಟ್ಟಿಗೆ ಮಾಡತೊಡಗಿದರು. ನಾನು ನನಗೆ ತಿಳಿದ ಹಿಂದಿಯಲ್ಲಿ ಕೊಡಗು, ಗುಂಡು, ಗಡಿಯಲ್ಲಿರುವ ಮಗ ಎಂದು ವಿವರಿಸಿದೆ. ಚೌಧರಿ ಕೋವಿಯನ್ನು ತೊಡೆಯಿಂದ ಇಳಿಸಿ ನೆಲಕ್ಕಿಟ್ಟ. ಅವನ ತಮ್ಮನ ಮಗನೂ ಗಡಿಯಲ್ಲೇ ಇದ್ದನಂತೆ. ಚೌಧರಿಯ ಹೆಂಡತಿ, ಅಷ್ಟೆತ್ತರದ ಹೆಂಗಸು, ತನ್ನ ಹಳದಿ ಓಢನಿ ತೆಗೆದು ಚೋಂದಮ್ಮನ ತಲೆಯಿಂದ ಸೊಂಟದವರೆಗೆ ಹೊದಿಸಿದಳು. ಬಿಳಿ ಮುಚ್ಚಿಹೋಯಿತು. ಬಾಯಿಗೆ ಲಡ್ಡು ತುರುಕಿದಳು. ಆಮೇಲೆ ಕೂಸನ್ನು ತಂದು ಮಡಿಲಿಗೆ ಹಾಕಿದಳು. ಕೆಂಪಗೆ, ಮುಷ್ಟಿ ಬಿಗಿದುಕೊಂಡು ಎಲ್ಲರ ಮೇಲೂ ಸಿಟ್ಟು ಮಾಡಿಕೊಂಡಿದ್ದ ಕೂಸು. ಐದು ತಿಂಗಳಲ್ಲಿ ಮೊದಲ ಸಲ ಚೋಂದಮ್ಮ ಒಂದು ಕಡೆ ಅಲುಗಾಡದೆ ಕೂತದ್ದನ್ನು ನಾನು ನೋಡಿದೆ.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ನಾವು ಓಢನಿ, ಲಡ್ಡು ಎಲ್ಲ ಹೊತ್ತು ಮನೆಗೆ ಬರುವಾಗ ಎಂಟು ಹೊಡೆಯುತ್ತಿತ್ತು. ಕಾರ್ಯಪ್ಪನವರು ಅದೇ ಬನಿಯನ್ನಿನಲ್ಲಿ, ಒಂದೇ ಬೂಟಿನಲ್ಲಿ ಫೋನಿನ ಪಕ್ಕ ಕೂತಿದ್ದರು. ರಿಸೀವರು ತೊಡೆಯ ಮೇಲಿತ್ತು. ತಾನ್ಯಾ ಅವರ ಹೆಗಲು ಹಿಡಿದು ನಿಂತಿದ್ದಳು.

"ಭೈಯಾ ಕಾ ಫೋನ್ ಆಯಾ ಥಾ, ಮಮ್ಮಿ" ಎಂದಳು. "ಅವನು ಚೆನ್ನಾಗಿದ್ದಾನೆ. ಬಟ್ ಪಪ್ಪ..." ಮುಂದೆ ಹೇಳಲು ಅವಳಿಗೆ ಕನ್ನಡವೂ ಸಿಗಲಿಲ್ಲ, ಹಿಂದಿಯೂ ಸಿಗಲಿಲ್ಲ.

ಆದದ್ದು ಇಷ್ಟು. ಫೋನು ಹೊಡೆದುಕೊಂಡಾಗ ಕಾರ್ಯಪ್ಪ ಎತ್ತಿದರು. ಮಗನ "ಹಲೋ ಪಪ್ಪ" ಕಿವಿಗೆ ಬಿದ್ದದ್ದೇ ಈ ಮನುಷ್ಯ ಅತ್ತುಬಿಟ್ಟರು. ಬದುಕಿಡೀ ಒಳಗೆ ಬೀಗ ಹಾಕಿಟ್ಟದ್ದೆಲ್ಲ ಒಂದೇ ಸಲಕ್ಕೆ ಹೊರಬಂತು. ಮಾತು ಹೊರಡಲಿಲ್ಲ. ಆ ಕಡೆ ಕರಣ್‌ನಿಗೆ ಕೇಳಿಸಿದ್ದು ಎಂದೂ ಅಳದ ಅಪ್ಪ ಅಳುತ್ತಿರುವುದು, ಯಾವಾಗಲೂ ಫೋನಿನ ಹತ್ತಿರವೇ ಇರುವ ಅಮ್ಮನ ಸ್ವರವಿಲ್ಲದಿರುವುದು. "ಮಮ್ಮಿಗೆ ಏನಾಯ್ತು? ಪಪ್ಪ, ಮಮ್ಮಿಗೆ ಏನಾಯ್ತು?" ಎಂದು ಕೂಗುತ್ತಿದ್ದನಂತೆ. ನಿದ್ದೆಯಿಂದ ಎದ್ದು ಓಡಿಬಂದ ತಾನ್ಯಾ ರಿಸೀವರು ಕಸಿದುಕೊಳ್ಳುವಷ್ಟರಲ್ಲಿ ಲೈನು ಹೋಗಿತ್ತು.

ಚೋಂದಮ್ಮ ಹಳದಿ ಓಢನಿಯಲ್ಲೇ ನಿಂತಿದ್ದರು. ನನಗೆ ಕಾರ್ಯಪ್ಪನವರ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಒಂದು ಮಾತು ಹೇಳಲು ಬರಲಿಲ್ಲವೇ, "ಅಮ್ಮ ಹೊರಗೆ ಹೋಗಿದ್ದಾಳೆ" ಎಂದರೆ ಬಾಯಿ ಸವೆಯುತ್ತಿತ್ತೇ ಎಂದು ಅನ್ನಿಸಿತು. ಚೋಂದಮ್ಮ ಬೈಯಲಿಲ್ಲ. ಗಂಡನ ಪಕ್ಕ ಕೂತು, ಬಗ್ಗಿ, ಆ ಬೂಟಿನ ಲೇಸು ಕಟ್ಟಿದರು. ಇನ್ನೊಂದು ಬೂಟು ಹುಡುಕಿ ತಂದು ಅದನ್ನೂ ಹಾಕಿದರು.

"ನಾವು ನಡುಗಿದ್ದು ಸಾಕು. ಅವನೀಗ ಅಲ್ಲಿ ನಡುಗ್ತಿದ್ದಾನೆ. ಮುಂದಿನ ಭಾನುವಾರದವರೆಗೆ ಅವನನ್ನ ಹಾಗೆ ಬಿಡೋಕಾಗಲ್ಲ. ಕೈಯಲ್ಲಿ ಪಿಸ್ತೂಲು, ಕಾಲಡಿ ಮೈನು, ತಲೇಲಿ ಇದು. ಏಳಿ. ನಿಮ್ಮ ಪಲ್ಟನ್ನಿನವರು ಕಂಟೋನ್ಮೆಂಟಿನಲ್ಲಿ ಯಾರಿದ್ದಾರೆ?"

ಕಾರ್ಯಪ್ಪ ಎದ್ದರು. ಅಂಗಿ, ಕೋಟು, ಪದಕಗಳ ಪಟ್ಟಿ. ಮೇ ತಿಂಗಳ ಬಿಸಿಲಿಗೆ ಕೋಟು. ಮುರಳೀಧರ ಸ್ಕೂಟರ್ ತೆಗೆದರು. ಹಳೆಯ ರೆಜಿಮೆಂಟಿನ ಒಬ್ಬ ಅಧಿಕಾರಿಯ ಮನೆ, ಅಲ್ಲಿಂದ ಇನ್ನೊಬ್ಬರ ಮನೆ, ಅಲ್ಲಿಂದ ಸೈನ್ಯದ ಟೆಲಿಫೋನ್ ಎಕ್ಸ್‌ಚೇಂಜ್. ನಾವು ಮೂವರು ಹೆಂಗಸರು ಮನೆಯಲ್ಲಿ. ಆ ದಿನ ಚೋಂದಮ್ಮ ನಡೆಯಲಿಲ್ಲ, ನಡೆದವಳು ನಾನು. ಬಾಲ್ಕನಿಯಿಂದ ಫೋನು, ಫೋನಿನಿಂದ ಬಾಲ್ಕನಿ. ಚೋಂದಮ್ಮ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ, "ಕೂತ್ಕೋ ಲೀಲಾ, ತಲೆ ಸುತ್ತುತ್ತೆ" ಎಂದು ನನಗೇ ಹೇಳಿದರು. ಅಕ್ಕಿ ಆಗಲೇ ಆರಿಸಿದ್ದಾಗಿತ್ತು. ಅವರು ಅದನ್ನೇ ಮತ್ತೆ ಆರಿಸುತ್ತಿದ್ದರು.

ನಾಲ್ಕು ಗಂಟೆಯ ಹೊತ್ತಿಗೆ ಫೋನು ಹೊಡೆದುಕೊಂಡಿತು. ಚೋಂದಮ್ಮ ಎತ್ತಿ, "ಇದ್ದೀನಿ ಕಣೋ. ನಾನೇ. ಚೆನ್ನಾಗಿದ್ದೀನಿ" ಎಂದರು. ಆ ಕಡೆಯಿಂದ ಬಂದದ್ದು ನಮಗೂ ಕೇಳಿಸುವಷ್ಟು ಗಟ್ಟಿ ಬೈಗುಳ, ಹಿಂದಿ, ಇಂಗ್ಲಿಷ್, ಕೊಡವ ಭಾಷೆ ಎಲ್ಲ ಸೇರಿ. ಬೆಳಿಗ್ಗೆಯಿಂದ ಅವನ ಬಾಯಿಗೆ ಒಂದು ತೊಟ್ಟು ನೀರು ಹೋಗಿರಲಿಲ್ಲವಂತೆ. ಮಗನಿಂದ ಬೈಸಿಕೊಳ್ಳುತ್ತ ಚೋಂದಮ್ಮ ಅಷ್ಟಗಲ ಮುಖ ಮಾಡಿಕೊಂಡು ನಗುತ್ತಿದ್ದರು.

ಸಂಜೆ ಕಾರ್ಯಪ್ಪನವರು ಬೆವರಿ ತೊಪ್ಪೆಯಾಗಿ ಬಂದರು. ಚಹಾ ಕುಡಿದು, ಯಾರೂ ಕೇಳದೆಯೇ ಮಾತಾಡಿದರು. ಅವರಿಂದ ಅಷ್ಟುದ್ದದ ಮಾತು ನಾನು ಕೇಳಿದ್ದು ಅದೊಂದೇ ಸಲ. "ಓಖ್ಲಾದಲ್ಲಿ ಹುಡುಗರು ನನ್ನ ಚಕ್ಕರ್ ಸಾಬ್ ಅಂತಾರೆ. ಡ್ಯೂಟಿ ಪೂರ್ತಿ ಫ್ಯಾಕ್ಟರಿ ಕಾಂಪೌಂಡು ಸುತ್ತೋದೇ. ಕೂರೋಕೆ ಆಗಲ್ಲ. ಇಲ್ಲಿ ನೀನು ಸುತ್ತುತ್ತಿದ್ದೆ, ಇಬ್ಬರೂ ಸುತ್ತಿದ್ರೆ ಮನೆ ನಡೆಯೋದು ಹೇಗೆ ಅಂತ ನಾನು ಅಲ್ಲಿ ಸುತ್ತಿ ಮುಗಿಸಿ ಬರ್ತಿದ್ದೆ." ಚೋಂದಮ್ಮ ಗಂಡನನ್ನು ಹೊಸಬರನ್ನು ನೋಡುವ ಹಾಗೆ ನೋಡಿದರು. ಆ ಮನುಷ್ಯನಿಗೆ ಕರುಳಿದೆಯೇ ಎಂದು ಆಮೇಲೆ ನಾನು ಯಾರನ್ನೂ ಕೇಳಿಲ್ಲ.

ಮುಂದಿನ ಶನಿವಾರ ಚೋಂದಮ್ಮ ಎಲ್ಲವನ್ನೂ ಮೇಷ್ಟ್ರಿಗೆ ಒಪ್ಪಿಸಿದರು. ಅವರು ಕಣ್ಣು ಒರೆಸಿಕೊಂಡು, "ಲಡ್ಡು ಎಲ್ಲೈತ್ರೀ?" ಎಂದರು.

ಆ ಅಕ್ಟೋಬರಿನಲ್ಲಿ ಸೈನ್ಯ ಹಿಂದಕ್ಕೆ ಬರುವುದೆಂದಾಯಿತು. ಯುದ್ಧ ಆಗಲೇ ಇಲ್ಲ. ಕರಣ್ ಕಪ್ಪಗಾಗಿ, ಒಣಗಿ, ನಗುತ್ತ ಮನೆಗೆ ಬಂದ. ತತ್ವಜ್ಞಾನದಿಂದ ಚೋಂದಮ್ಮ ಶಾಂತರಾದರು ಎಂದು ಬರೆದರೆ ಅದು ಸುಳ್ಳು. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ. ಅವನು ಕಾಶ್ಮೀರಕ್ಕೆ ಹೋದಾಗ, ಈಶಾನ್ಯಕ್ಕೆ ಹೋದಾಗ ನಮ್ಮ ತಲೆಯ ಮೇಲೆ ಚಪ್ಪಲಿಯ ಸದ್ದು ಇದ್ದೇ ಇತ್ತು. ಬದಲಾದದ್ದು ಒಂದೇ. ಹೆದರಿಕೆಯಾದಾಗ ಅವರು ಈಗ ಬರೀ ಸುತ್ತುತ್ತಿರದೆ ಎದ್ದು ಹೋಗಿ ನೋಡುತ್ತಿದ್ದರು. ಆಫೀಸಿನಲ್ಲಿ ಯಾರೋ ಮೂರು ದಿನ ಬರಲಿಲ್ಲವೆಂದರೆ ಅವರ ಮನೆಗೇ ಹೋಗುವರು, ಪಕ್ಕದ ಬ್ಲಾಕಿನಲ್ಲಿ ಅಳು ಕೇಳಿಸಿದರೆ ಬಾಗಿಲು ತಟ್ಟುವರು. ಅರ್ಧ ಆರ್.ಕೆ.ಪುರಂ ಅವರನ್ನು ಮೂಗುತೂರಿಸುವ ಹೆಂಗಸು ಎನ್ನುತ್ತಿತ್ತು. ಉಳಿದರ್ಧಕ್ಕೆ ಕಷ್ಟ ಬಂದಾಗ ಮೊದಲು ನೆನಪಾಗುತ್ತಿದ್ದವರೂ ಅವರೇ. ಚೌಧರಿಯ ಮೊಮ್ಮಗನ ಹುಟ್ಟುಹಬ್ಬಕ್ಕೆ ಪ್ರತಿ ಮೇ ತಿಂಗಳೂ ಹೋಗಿಬರುತ್ತಿದ್ದರು.

೨೦೦೬ರ ಚಳಿಗಾಲದಲ್ಲಿ ಕರಣ್‌ನ ಹೆಂಡತಿಗೆ ದೆಹಲಿಯಲ್ಲೇ ಹೆರಿಗೆಯಾಯಿತು. ಹೆಣ್ಣುಮಗು. ಮಗುವನ್ನು ಮನೆಗೆ ತಂದ ದಿನ ಚೋಂದಮ್ಮ, "ನಮ್ಮ ಚೌಧರಿಗೆ ಹೇಳಿ ಒಂದು ಗುಂಡು ಹೊಡೆಸ್ಬೇಕು" ಎಂದರು.

ಕಾರ್ಯಪ್ಪ ಗಲ್ಲ ಎತ್ತಿದರು. "ಹೆಣ್ಣಿಗೆ ಗುಂಡು ಹೊಡೆಯೋ ಪದ್ಧತಿ ಇಲ್ಲ."

"ಹಗ್ಗಕ್ಕೆ ಹಾವಿನ ಅರ್ಥ ಹಚ್ಚೋರು ನಾವೇ ಅಂತ ಮೇಷ್ಟ್ರು ಹೇಳಿಲ್ವಾ? ಸದ್ದಿಗೂ ಹಾಗೇ. ಇವತ್ತಿಂದ ನಾನು ಈ ಅರ್ಥ ಹಚ್ತೀನಿ. ಒಂದು ಗುಂಡು ಅಂದ್ರೆ ಮಗು ಬಂತು ಅಂತ, ಅಷ್ಟೇ."

ಚೌಧರಿಗೆ ಹೋಗಿ ಹೇಳಿದವಳು ನಾನೇ. "ಲಡ್ಕೀ ಕೇ ಲಿಯೇ?" ಎಂದು, ಹೆಣ್ಣಿಗೂ ಗುಂಡೇ ಎಂಬಂತೆ ಹುಬ್ಬೇರಿಸಿದ. ಅವನ ಹೆಂಡತಿ ಒಳಗಿನಿಂದ ಏನೋ ಗದರಿದಳು. ಮುದುಕ ಕೂಡಲೇ ಒಪ್ಪಿದ. ಒಂದೇ, ಎರಡಲ್ಲ ಎಂದು ನಾನು ಬೆರಳು ತೋರಿಸಿ ಹೇಳಿದೆ, ಅವನು ತಲೆಯಾಡಿಸಿದ. ಒಂದೇ ನಳಿಗೆಗೆ ತುಂಬುತ್ತೇನೆ ಎಂದ. ಅಭ್ಯಾಸಬಲ, ನನಗೆ ಪೂರ್ತಿ ನಂಬಿಕೆ ಬರಲಿಲ್ಲ.

ಸಂಜೆ ನಾವೆಲ್ಲ ಬಾಲ್ಕನಿಯಲ್ಲಿ ನಿಂತೆವು. ಮಂಜು ಇಳಿಯುತ್ತಿತ್ತು. ಕರಣ್ ಮಗುವನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡಿದ್ದ, ಪಕ್ಕದಲ್ಲಿ ಅವನ ಹೆಂಡತಿ. ಕಾರ್ಯಪ್ಪ ಕೋಟು ಹಾಕಿಕೊಂಡಿದ್ದರು. ಮುನಿರ್ಕಾದ ಕಡೆಯಿಂದ ಢಂ ಎಂದಿತು. ಮಗು ಬೆಚ್ಚಿ ಅಳತೊಡಗಿತು, ತಾನ್ಯಾ ಚಪ್ಪಾಳೆ ತಟ್ಟಿದಳು.

ಚೋಂದಮ್ಮನ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಅವರು ನಗುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಮಂಜಿನ ಕಡೆ ಕಿವಿಗೊಟ್ಟು ನಿಂತಿದ್ದರು, ಊಟದ ತುತ್ತು ಬಾಯಲ್ಲಿಟ್ಟುಕೊಂಡು ಆ ಚಿಕ್ಕ ಹುಡುಗಿ ಕಾದಂತೆ. ಅವರ ಉಗುರು ನನ್ನ ಚರ್ಮಕ್ಕೆ ಒತ್ತುತ್ತಿತ್ತು. ಕಾರ್ಯಪ್ಪನವರೂ ಅಲುಗಾಡಲಿಲ್ಲ. ಮಗು ಅಳುತ್ತಲೇ ಇತ್ತು. ನಾನೂ ಕಾದೆ.

ಎರಡನೆಯದು ಬರಲಿಲ್ಲ.

"ಬರಲಿಲ್ಲ ಲೀಲಾ" ಎಂದು ಚೋಂದಮ್ಮ ಕೈ ಬಿಟ್ಟರು. ಕುರ್ಚಿ ಎಳೆದು ಕೂತು, ಮಗುವನ್ನು ಕೊಡೆಂದು ಕರಣ್‌ನತ್ತ ಎರಡೂ ಕೈ ಚಾಚಿದರು.